ಮಂಜರಾಬಾದ್ ಥರದ ನಕ್ಷತ್ರ ಕೋಟೆಯನ್ನು ಪೇಪರ್‌ನಲ್ಲಿ ಕಟ್ಟುವುದು ಹೇಗೆ? ಮಡಿಕೆ, ಅಳತೆ, ಮಳೆ ಮೂರೂ ಕೈ ಕೊಟ್ಟಿವೆ

ದಾಳದ ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ, ಊಟದ ಟೇಬಲ್ ಮೇಲೆ ಬೊಂಬೆ ಇಟ್ಟು ಯುದ್ಧದ ಆಟ ಆಡುತ್ತೇವೆ. ನಿಯಮ ನಾವೇ ಬರೆದುಕೊಂಡಿದ್ದು, ಎರಡು ಪುಟ ಅಷ್ಟೇ. ದಾಳ ಹಾಕಬೇಕು, ಇಂಚಿನ ಲೆಕ್ಕದಲ್ಲಿ ನಡೆಸಬೇಕು, ಗೋಡೆ ಮರೆಯಲ್ಲಿ ನಿಂತವನಿಗೆ ಗುಂಡು ತಾಗುವುದಿಲ್ಲ. ಅಜ್ಜಿ ಮಾತ್ರ ಈಗಲೂ ಇದನ್ನು ಚೌಕಾಬಾರ ಅಂತಲೇ ಕರೆಯುತ್ತಾರೆ. ಬೊಂಬೆಗಳೂ ಪೇಪರ್‌ನವೇ, 28 ಮಿ.ಮೀ. ಅಳತೆ, ಕೆಳಗೆ 25 ಮಿ.ಮೀ. ಅಗಲದ ದುಂಡು ರಟ್ಟು. ಇಷ್ಟು ದಿನ ಶೂ ಡಬ್ಬವೇ ಕೋಟೆ, ಮಡಚಿಟ್ಟ ಕಂಬಳಿಯೇ ಗುಡ್ಡ.

ಹೋದ ತಿಂಗಳು ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ನೋಡಿ ಬಂದೆವು. 1792ರ ಟಿಪ್ಪು ಕೋಟೆ, ಎಂಟು ಮೂಲೆಯ ನಕ್ಷತ್ರ, ನಡುವೆ ಕೂಡಿಸುವ ಗುರುತಿನ ಆಕಾರದ ಕೊಳ. ಗೋಡೆ ಮೇಲೆ ನಿಂತಾಗಲೇ ನಾಲ್ವರಿಗೂ ಅನ್ನಿಸಿತು, ಇದು ನಮ್ಮ ಟೇಬಲ್ ಮೇಲೆ ಬೇಕು ಅಂತ.

ಮನೆಗೆ ಬಂದು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಗೋಡೆ ಬರೆದು, ನಾನೇ ತೆಗೆದ ಕಲ್ಲಿನ ಫೋಟೊಗಳನ್ನು ಅದರ ಮೇಲೆ ಕೂರಿಸಿ, ಪಿಡಿಎಫ್ ಮಾಡಿ, ಒಂದು ಜೆರಾಕ್ಸ್ ಅಂಗಡಿಯಲ್ಲಿ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಕಾಗದದ ತೂಕ) ಕಾರ್ಡ್ ಮೇಲೆ ಕಲರ್ ಲೇಸರ್ ಪ್ರಿಂಟ್ ತೆಗೆಸಿದೆ. ದಪ್ಪ ಇದ್ದಷ್ಟೂ ಗಟ್ಟಿ ಅಂದುಕೊಂಡಿದ್ದೆ. ಮಡಚಿದ ಕಡೆಯೆಲ್ಲ ಬಣ್ಣ ಕಿತ್ತು ಬಿಳಿ ಗೆರೆ ಎದ್ದಿತು. ನೆಲದ ಶೀಟಿನ ಇಂಚಿನ ಚೌಕ ಅಳೆದರೆ 24 ಮಿ.ಮೀ. ಚಿಲ್ಲರೆ, ಬೊಂಬೆ ಪಕ್ಕದ ಮನೆಗೂ ಕಾಲು ಚಾಚುತ್ತದೆ. ಆಮೇಲೆ ಮೂರು ದಿನ ಮಳೆ ಹಿಡಿಯಿತು ನೋಡಿ, ನೆಲದ ಶೀಟ್ ಹಪ್ಪಳದ ಹಾಗೆ ಎದ್ದು ಕೂತಿತು.

ಎಲ್ಲಿ ತಪ್ಪಿದೆ ಹೇಳಿ. ನಕ್ಷತ್ರದ ಲೆಕ್ಕವೂ ಕೂಡಿ ಬರುತ್ತಿಲ್ಲ, ಕೊನೇ ಗೋಡೆ ಮೊದಲನೇ ಗೋಡೆಯ ಹತ್ತಿರಕ್ಕೇ ಬರುವುದಿಲ್ಲ. ಚೂಪು ಮೂಲೆ ಬಿಟ್ಟು ಸುಮ್ನೆ ಎಂಟು ಬದಿಯ ಕೋಟೆ ಮಾಡಿಬಿಡಲಾ?

ಕಾಫಿ ಕಣ, ಮೂಡಿಗೆರೆ

300 ಜಿಎಸ್‌ಎಂ ಮದುವೆ ಕಾಗದಕ್ಕೆ ಮಾರಾಯ್ರೆ, ಕೋಟೆಗಲ್ಲ. 160ರಿಂದ 200 ಸಾಕು. ನಮ್ಮ ಗೋಡೌನಿನ ಜಿಂಕ್ ಶೀಟ್ ಎಷ್ಟು ತೆಳು, ಆದ್ರೂ ಅಲೆ ಅಲೆ ಮಡಿಕೆ ಇರೋದಕ್ಕೇ ಮಳೆಗಾಲ ತಡೆಯುತ್ತದೆ. ಪೇಪರ್ ಗೋಡೆಗೂ ಬಲ ಬರುವುದು ಮಡಿಕೆಯಿಂದ, ದಪ್ಪದಿಂದ ಅಲ್ಲ.

ಬಣ್ಣ ಕೀಳುವುದಕ್ಕೆ ಇನ್ನೊಂದು ಕಾರಣ ಲೇಸರ್. ಅದರ ಪುಡಿ ಕಾಗದದ ಮೇಲೆ ಕರಗಿ ಪದರವಾಗಿ ಕೂತಿರುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಇಂಕ್‌ಜೆಟ್ ಬಣ್ಣ ಒಳಗೆ ಇಳಿಯುತ್ತದೆ, ಮಡಿಕೆ ಚೆನ್ನಾಗಿ ಬರುತ್ತದೆ. ಆದ್ರೆ ನೀರು ಸೋಕಿದರೆ ಹರಡುತ್ತದೆ, ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ. ನೀವು ಗೆರೆ ಒತ್ತದೇ ಮಡಚಿದ್ದೀರಿ ಅಂತ ನನ್ನ ಗುಮಾನಿ. ರೀಫಿಲ್ ಖಾಲಿಯಾದ ಬಾಲ್ ಪೆನ್ ತಗೊಳ್ಳಿ, ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್ ಹಾಸಿ, ಸ್ಟೀಲ್ ಸ್ಕೇಲ್ ಇಟ್ಟು ಎರಡು ಸಲ ಎಳೆಯಿರಿ. ಬ್ಲೇಡಿನಲ್ಲಿ ಅರ್ಧ ಕೊಯ್ಯುವವರೂ ಇದ್ದಾರೆ, ನನಗದು ಸರಿ ಬಂದಿಲ್ಲ, ನಾಲ್ಕು ಸಲದಲ್ಲಿ ಒಂದು ಸಲ ಆಚೆಗೇ ಹೋಗಿಬಿಡುತ್ತದೆ.

ಗೆರೆ ಒತ್ತಿದ ತಗ್ಗು ಮಡಿಕೆಯ ಹೊರಗಡೆ ಇರಬೇಕು. ಅಂದ್ರೆ ಹೊರಗೆ ಚಾಚುವ ಮೂಲೆಗೆ ಪ್ರಿಂಟ್ ಇರುವ ಬದಿಯಿಂದ ಒತ್ತಬೇಕು, ಒಳಗೆ ತಗ್ಗುವ ಮೂಲೆಗೆ ಹಿಂಬದಿಯಿಂದ. ಹಿಂಬದಿಯಲ್ಲಿ ಗೆರೆ ಕಾಣುವುದಿಲ್ಲವಲ್ಲ, ಅದಕ್ಕೆ ಗೆರೆಯ ಎರಡು ತುದಿಯಲ್ಲೂ ಗುಂಡುಸೂಜಿ ಚುಚ್ಚಿ ತಿರುಗಿಸಿ, ಎರಡು ತೂತಿಗೆ ಸ್ಕೇಲ್ ಹಿಡಿಯಿರಿ.

24 ಮಿ.ಮೀ. ಬಂದಿದ್ದು, ಹಾಳೆಗೆ ಹಿಡಿಸಲು ಚಿತ್ರ ಕುಗ್ಗಿಸುತ್ತದಲ್ಲ, ಆ ‘ಫಿಟ್ ಟು ಪೇಜ್’ ಕೆಲಸ. ಇಂಚು ಅಂದ್ರೆ 25.4. ಪ್ರಿಂಟ್ ಕೊಡುವಾಗ ‘ಆಕ್ಚುಯಲ್ ಸೈಜ್’ ಅಂತ ಬಾಯಿಬಿಟ್ಟು ಹೇಳಿ, ಹೇಳಿದರೂ ಮರೆಯುತ್ತಾರೆ. ನಾನು ಪ್ರತಿ ಶೀಟಿನ ಮೂಲೆಯಲ್ಲಿ 10 ಸೆಂ.ಮೀ. ಗೆರೆ ಒಂದು ಹಾಕಿರುತ್ತೇನೆ. ಮೊದಲ ಶೀಟ್ ಬಂದ ಕೂಡಲೇ ಜೇಬಿನ ಸ್ಕೇಲ್ ತೆಗೆದು ಕೌಂಟರ್ ಮೇಲೇ ಅಳೆಯುವುದು. ಅವರಿಗೆ ನಗು ಬರುತ್ತದೆ, ಬರಲಿ.

ಕತ್ತರಿಸಿದ ಅಂಚಿನ ಬಿಳಿಗೆ, ಅಂಟಿಸುವ ಮುಂಚೆಯೇ ಸ್ಕೆಚ್ ಪೆನ್ನನ್ನು ಓರೆ ಹಿಡಿದು ಸವರಿ. ಕಪ್ಪು ಬೇಡ, ಬೂದು ಅಥವಾ ಮಣ್ಣಿನ ಬಣ್ಣ. ಕಪ್ಪು ಹಾಕಿದರೆ ಕಾರ್ಟೂನ್ ಥರ ಕಾಣುತ್ತದೆ.

ಹಳೇ ಬೈಂಡರ್, ಚಿಕ್ಕಮಗಳೂರು

ಆಟದ ವಿಷಯ ನನಗೆ ಗೊತ್ತಿಲ್ಲ, ಮಗ ಈ ಪುಟ ತೋರಿಸಿದ. ಕಾಗದದ ವಿಷಯ ಎರಡು ಮಾತು ಹೇಳುತ್ತೇನೆ.

ಕಾಗದಕ್ಕೆ ಗ್ರೇನ್ ಅಂತ ಇರುತ್ತದೆ. ಮಿಷನ್ನಿನಲ್ಲಿ ಮಾಡಿದ ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಶೀಟನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ಗ್ರೇನ್. ಅದರ ಜೊತೆಗೆ ಮಡಚಿದರೆ ಚೊಕ್ಕ ಮಡಿಕೆ, ಅಡ್ಡ ಮಡಚಿದರೆ ನಾರು ಒಡೆಯುತ್ತದೆ. ದಪ್ಪ ಕಾರ್ಡಿನಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ಗೋಡೆಯ ಮಡಿಕೆಗಳು ಗ್ರೇನ್ ಹೋದ ಕಡೆಗೇ ಹೋಗುವಂತೆ ಶೀಟಿನಲ್ಲಿ ಚಿತ್ರ ಕೂರಿಸಬೇಕು.

ಮಳೆಗೆ ಎದ್ದಿದ್ದು ಯಾಕೆ ಅಂದರೆ, ತೇವ ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಹಿಗ್ಗುತ್ತದೆ. ನೀವು ರಟ್ಟಿನ ಮೇಲೆ ಒಂದೇ ಬದಿಗೆ ಶೀಟ್ ಅಂಟಿಸಿದ್ದೀರಿ ಅನ್ನಿಸುತ್ತದೆ. ಒಂದು ಬದಿ ಎಳೆಯುತ್ತದೆ, ಇನ್ನೊಂದು ಬದಿಗೆ ತಡೆಯುವವರು ಇಲ್ಲ. ನಾವು ಪುಸ್ತಕದ ರಟ್ಟಿಗೆ ಒಳಗೂ ಹೊರಗೂ ಕಾಗದ ಹಾಕುವುದು ಬರೀ ಅಂದಕ್ಕಲ್ಲ. ಹಿಂಬದಿಗೂ ಅದೇ ತೂಕದ ಖಾಲಿ ಶೀಟ್ ಅಂಟಿಸಿ, ಗ್ರೇನ್ ಒಂದೇ ದಿಕ್ಕಿಗೆ ಇರಲಿ. ಒಂದೇ ಬದಿಗೆ ಲ್ಯಾಮಿನೇಶನ್ ಮಾಡಿಸಿದರೂ ಇದೇ ಗೋಳು.

ಅಂಟು ನೀರಾಗಿರಬಾರದು. ಫೆವಿಕಾಲನ್ನು ಹಳೇ ಕಾರ್ಡಿನ ತುಂಡಿನಿಂದ ದೋಸೆ ಹಿಟ್ಟು ಸವರಿದ ಹಾಗೆ ತೆಳುವಾಗಿ ಎಳೆದು, ಎರಡು ಖಾಲಿ ಹಾಳೆ ನಡುವೆ ಇಟ್ಟು ಮೇಲೆ ಭಾರ ಹೇರಿ ರಾತ್ರಿ ಬಿಡಿ. ನಮ್ಮ ಮನೆಯಲ್ಲಿ ಹಳೇ ರುಬ್ಬುಗುಂಡಿಗೆ ಈಗ ಇದೊಂದೇ ಕೆಲಸ.

ಸುಮ್ನೆ ಓದುಗ

ಇಷ್ಟೆಲ್ಲ ಯಾಕೆ ಗುರು, ಥರ್ಮೋಕೋಲ್ ತಗೊಂಡು ಕೊಯ್ದು ಸ್ಪ್ರೇ ಪೇಂಟ್ ಹೊಡೆದರೆ ಮುಗೀತು.

ಕಾಫಿ ಕಣ, ಮೂಡಿಗೆರೆ

ಹೊಡೆದು ನೋಡಿ. ಸ್ಪ್ರೇ ಡಬ್ಬದ ದ್ರಾವಕಕ್ಕೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ. ನನ್ನ ಒಂದು ಗುಡ್ಡ ಹಾಗೇ ಹೋಯಿತು.

ಗೆರೆ ಗೀಟು, ಹಾಸನ

ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು, ಅದಕ್ಕೆ ಲೆಕ್ಕ ನಾನು ಹೇಳುತ್ತೇನೆ. ಮೊದಲು ನಿಮ್ಮ ಕೊನೇ ಪ್ರಶ್ನೆ. ದಯವಿಟ್ಟು ಮೂಲೆ ತೆಗೆಯಬೇಡಿ. ಇಂಥ ಕೋಟೆ ಹುಟ್ಟಿದ್ದೇ ಆ ಮೂಲೆಗಳಿಗಾಗಿ. ಬರೀ ಎಂಟು ಬದಿ ಇದ್ದರೆ ಗೋಡೆ ಬುಡಕ್ಕೆ ಬಂದು ನಿಂತ ಶತ್ರು ಮೇಲಿನವನಿಗೆ ಕಾಣುವುದಿಲ್ಲ, ಬಗ್ಗಿ ನೋಡಿದರೆ ತಲೆ ಹೋಗುತ್ತದೆ. ನಕ್ಷತ್ರದಲ್ಲಿ ಪಕ್ಕದ ಮೂಲೆಯವನಿಗೆ ಈ ಗೋಡೆಯ ಬುಡ ಪೂರ್ತಿ ಕಾಣುತ್ತದೆ. ನಿಮ್ಮ ನಿಯಮದಲ್ಲಿ ಮರೆಯ ಲೆಕ್ಕ ಇದೆ ಅಂದಿರಲ್ಲ, ಹಾಗಿದ್ರೆ ಆಟ ಬದಲಾಗುವುದೇ ಇಲ್ಲಿ.

ಈಗ ಆಕಾರ. ಕೋನಮಾಪಕ ಪಕ್ಕಕ್ಕಿಡಿ. ಒಂದು ಚೌಕ, ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕ 45 ಡಿಗ್ರಿ ತಿರುಗಿಸಿ ಇಟ್ಟರೆ ಎಂಟು ಮೂಲೆ ಸಿಕ್ಕಿತು, ನಮ್ಮ ರಂಗೋಲಿಯಲ್ಲಿ ಬರುತ್ತದಲ್ವಾ, ಅದೇ. ಎ4 ಶೀಟಿನ ಅಗಲ 21 ಸೆಂ.ಮೀ., ಆದ್ದರಿಂದ 21ರ ಎರಡು ಚೌಕ. ಅದರ ಕರ್ಣ 29.7, ಅಂದರೆ ಸರಿಯಾಗಿ ಎ4ರ ಉದ್ದ. ನಿಮ್ಮ ಕೋಟೆ ಈ ಮೂಲೆಯಿಂದ ಎದುರು ಮೂಲೆಗೆ ಒಂದು ಎ4 ಉದ್ದ ಇರುತ್ತದೆ, ಟೇಬಲ್‌ಗೆ ಹದವಾಗಿದೆ.

ಚೌಕದ ಬದಿಯನ್ನು 3.414ರಿಂದ ಭಾಗಿಸಿದರೆ ಒಂದು ಗೋಡೆಯ ಉದ್ದ: 6.15 ಸೆಂ.ಮೀ. ಇಂಥ ಗೋಡೆ 16. ಚೂಪು ಮೂಲೆಯಲ್ಲಿ ಒಳಗಿನ ಕೋನ 90, ತಗ್ಗು ಮೂಲೆಯಲ್ಲಿ 225. ನಿಮ್ಮ ಗೋಡೆ ಸೇರದೇ ಇದ್ದಿದ್ದಕ್ಕೆ ಕಾರಣ ನನಗೆ ಹೊಳೆಯುವುದು ಒಂದೇ. ಕೋಟೆ ಗೋಡೆ ಒಳಕ್ಕೆ ವಾಲಿರಲಿ ಅಂತ ಮಾಡಿದ್ದೀರಿ, ಆದರೆ ನೇರ ಪಟ್ಟಿಯಲ್ಲಿ ಬರೆದಿದ್ದೀರಿ. ವಾಲಿದ ಗೋಡೆ ನೇರ ಪಟ್ಟಿಯಲ್ಲಿ ಬರುವುದೇ ಇಲ್ಲ.

5 ಸೆಂ.ಮೀ. ಎತ್ತರಕ್ಕೆ ಅರ್ಧ ಸೆಂ.ಮೀ. ವಾಲಿಸೋಣ. ಆಗ ಮೇಲಿನ ನಕ್ಷತ್ರ 20ರ ಚೌಕದ್ದು, ಮೇಲಂಚು 5.86. ಆದರೆ ಎರಡೂ ಕಡೆ ಸಮವಾಗಿ ಕಡಿಮೆ ಮಾಡಬಾರದು. ಚೂಪು ಮೂಲೆಯ ಕಡೆ ಮೇಲಂಚು 5 ಮಿ.ಮೀ. ಒಳಗೆ ಬರುತ್ತದೆ, ತಗ್ಗು ಮೂಲೆಯ ಕಡೆ 2 ಮಿ.ಮೀ. ಹೊರಗೆ ಹೋಗುತ್ತದೆ. ಚೂಪು ಮೂಲೆಯಲ್ಲಿ ಸೇರಿದ ಎರಡೆರಡು ಗೋಡೆಯನ್ನು ಒಂದು ಜೋಡಿ ಮಾಡಿ, ಅಂಥ ಎಂಟು ಜೋಡಿ ಬರೆಯಿರಿ. ಹಾಳೆ ಮೇಲೆ ಜೋಡಿ ಸ್ವಲ್ಪ ಸೊಟ್ಟಗೆ ಕಾಣುತ್ತದೆ, ಹೆದರಬೇಡಿ, ಅದು ಹಾಗೇ ಇರಬೇಕು. ಜೋಡಿಗಳು ತಗ್ಗು ಮೂಲೆಯಲ್ಲಿ 8 ಮಿ.ಮೀ. ಪಟ್ಟಿಯಿಂದ ಅಂಟುತ್ತವೆ.

ಮೇಲೆ ಬೊಂಬೆ ನಿಲ್ಲುವ ದಾರಿ 3 ಸೆಂ.ಮೀ. ಅಗಲ ಇರಲಿ. ಅಂದರೆ ಮೇಲಿನ ನಕ್ಷತ್ರದ ನಡುವಿಂದ 14ರ ಚೌಕಗಳ ನಕ್ಷತ್ರ ಕೊಯ್ದು ತೆಗೆಯುವುದು. ಆ ಅಂಚಿನ ಕೆಳಗೆ 4.1 ಸೆಂ.ಮೀ.ನ 16 ಒಳಗೋಡೆ ನೆಟ್ಟಗೆ ನಿಲ್ಲಿಸಿ. ಇದಕ್ಕೆ ನೇರ ಪಟ್ಟಿ ಸಾಕು. ಹೊರಗೋಡೆ, ಒಳಗೋಡೆ, ಮೇಲೆ ದಾರಿ, ಕೆಳಗೆ ರಟ್ಟು ಸೇರಿ ಪೆಟ್ಟಿಗೆಯಾಗುತ್ತದೆ, ಮೊಣಕೈ ತಗುಲಿದರೂ ತಡೆಯುತ್ತದೆ.

ಪೂರ್ತಿ ಪ್ರಿಂಟ್ ತೆಗೆಯುವ ಮುಂಚೆ ಎರಡು ಜೋಡಿ ಮಾತ್ರ ಬಿಳಿ ಹಾಳೆಯಲ್ಲಿ ಮಾಡಿ ನೋಡಿ. ನಾನು ಈ ಕೆಲಸದಲ್ಲಿ ಎಷ್ಟು ವರ್ಷದಿಂದ ಇದ್ದರೂ ಬಿಳಿ ಹಾಳೆಯ ಮಾದರಿ ಬಿಟ್ಟಿಲ್ಲ.

ದಾಳದ ಹುಡುಗ, ಹಾಸನ

ಮೇಡಂ, ನೇರ ಪಟ್ಟಿಯಲ್ಲೇ ಬರೆದಿದ್ದೆ. ಎರಡು ವಾರ ಅದಕ್ಕೆ ತಲೆ ಕೆಡಿಸಿಕೊಂಡಿದ್ದೆ. ಬೈಂಡರ್ ಮೇಷ್ಟ್ರೇ, ನಿಮ್ಮ ಊಹೆಯೂ ಸರಿ, ಒಂದೇ ಬದಿಗೆ ಅಂಟಿಸಿದ್ದೆ.

ಒಂದು ಸಂಶಯ. ಮೇಲಿನ ನಕ್ಷತ್ರ ಮೂಲೆಯಿಂದ ಮೂಲೆಗೆ 28 ಸೆಂ.ಮೀ. ದಾಟುತ್ತದೆ, ಎರಡೂ ಕಡೆಗೆ. ಎ4ನಲ್ಲಿ ಹೇಗೆ ಹಿಡಿಸಲಿ? ಮತ್ತೆ ಇನ್ನೊಂದು, ಕೋಟೆಯನ್ನು ಗುಡ್ಡದ ಮೇಲೆ ಕೂರಿಸಬೇಕು ಅಂತ ಆಸೆ.

ಗೆರೆ ಗೀಟು, ಹಾಸನ

ಒಂದೇ ತುಂಡಾಗಿ ಬೇಡ. 20ರ ಒಂದು ಚೌಕ ಪ್ರಿಂಟ್ ಮಾಡಿ, ಪ್ರಿಂಟರ್ ಬಿಡುವ ಅಂಚು ಕಳೆದರೂ ಎ4ನಲ್ಲಿ ಹಿಡಿಸುತ್ತದೆ. ಉಳಿದಿದ್ದು ನಾಲ್ಕು ತ್ರಿಕೋನ, ಎರಡು ಬದಿ 5.86, ಉದ್ದದ ಬದಿ 8.28. ರಟ್ಟಿನ ನಕ್ಷತ್ರದ ಮೇಲೆ ಐದೂ ತುಂಡು ಅಂಟಿಸಿ. ಕಲ್ಲು ಹಾಸಿನ ಚಿತ್ರ ಇದ್ದರೆ ಕೂಡಿದ ಗೆರೆ ಗೊತ್ತೂ ಆಗುವುದಿಲ್ಲ.

ಕಾಫಿ ಕಣ, ಮೂಡಿಗೆರೆ

ಗುಡ್ಡ ಇಳಿಜಾರು ಮಾಡಿದರೆ ಪೇಪರ್ ಬೊಂಬೆ ಜಾರುತ್ತದೆ, ಆಮೇಲೆ ಎಲ್ಲಿ ನಿಂತಿತ್ತು ಅಂತ ಜಗಳ. ಹಳೇ ಕಾರ್ಟನ್ ರಟ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಪ್ರತಿ ಮೆಟ್ಟಿಲೂ ಕಡಿಮೆ ಅಂದ್ರೆ 3 ಸೆಂ.ಮೀ. ಅಗಲ. ನೋಡಲು ಗದ್ದೆ ಬದುವಿನ ಹಾಗೆ ಇರುತ್ತದೆ, ಆಡಲು ಸುಖ. ಗುಡ್ಡ ಬೇರೆ ಕೋಟೆ ಬೇರೆ ಇರಲಿ, ಅಂಟಿಸಿಬಿಟ್ಟರೆ ಬೀರುವಿನಲ್ಲಿ ಇಡಲಿಕ್ಕಾಗದು.

ಎಲ್ಲ ಮುಗಿದ ಮೇಲೆ ಬಿಸಿಲಿರುವ ದಿನ ಹೊರಗೆ ಇಟ್ಟು ಮ್ಯಾಟ್ ವಾರ್ನಿಷ್ ಸ್ಪ್ರೇ, ದೂರದಿಂದ ತೆಳುವಾಗಿ ಎರಡು ಸಲ. ನೀರಿನ ವಾರ್ನಿಷ್ ಬ್ರಷ್‌ನಲ್ಲಿ ಹಚ್ಚಿದರೆ ಇಂಕ್‌ಜೆಟ್ ಬಣ್ಣವೆಲ್ಲ ಕಲಸಿಹೋಗುತ್ತದೆ. ನಮ್ಮ ಕಡೆ ಜೂನ್ ಬಂದರೆ ಸ್ಪ್ರೇ ಮಾತೇ ಇಲ್ಲ. ನಾನು ಎಲ್ಲವನ್ನೂ ಒಲೆ ಮೇಲಿನ ಅಟ್ಟಕ್ಕೆ ಹಾಕುತ್ತೇನೆ, ಮೆಣಸಿನ ಚೀಲದ ಪಕ್ಕ. ನಿಮಗೆ ಅಟ್ಟ ಇಲ್ಲದಿದ್ದರೆ ಬಿಗಿ ಮುಚ್ಚಳದ ಡಬ್ಬ, ಒಳಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಹತ್ತಾರು.

ದಾಳದ ಹುಡುಗ, ಹಾಸನ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. 180 ಜಿಎಸ್‌ಎಂ, ಪಕ್ಕದ ಮನೆಯವರ ಇಂಕ್‌ಜೆಟ್. 10 ಸೆಂ.ಮೀ. ಗೆರೆ ಅಳೆದೆ, ಸರಿಯಾಗಿ 10. ಬಿಳಿ ಹಾಳೆಯಲ್ಲಿ ಎರಡು ಜೋಡಿ ಮಾಡಿ ಕೂಡಿಸಿದಾಗ ಮೂಲೆ ಟಕ್ ಅಂತ ಕೂತಿತು, ನಾನು ಅದನ್ನು ಒಂದು ದಿನ ಸುಮ್ನೆ ಟೇಬಲ್ ಮೇಲಿಟ್ಟು ನೋಡುತ್ತಿದ್ದೆ.

ಆದರೆ ನಿಜವಾದ ಗೋಡೆಯಲ್ಲಿ ಏಳನೇ ಜೋಡಿಯನ್ನು ತಲೆಕೆಳಗಾಗಿ ಅಂಟಿಸಿದೆ. 3 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ, ಎಂಟನೆಯದು ಸೇರದೇ ಹೋದಾಗ ನೋಡುತ್ತೇನೆ, ಕಲ್ಲಿನ ಬುಡದ ಪಾಚಿ ಗೋಡೆಯ ನೆತ್ತಿಯಲ್ಲಿದೆ. ಬಿಡಿಸಲು ಒದ್ದೆ ಬಟ್ಟೆ ಒತ್ತಿದೆ. ಒದ್ದೆ ಕೈ ತಾಗಿಸಬೇಡಿ ಅಂದಿದ್ದರು, ನೆನಪಾಗಿದ್ದು ಹಸಿರು ಬಣ್ಣ ಬೆರಳಿಗೆ ಬಂದ ಮೇಲೆ. ಆ ಜೋಡಿ ಇನ್ನೊಂದು ಸಲ ಪ್ರಿಂಟ್ ತೆಗೆಸಿದೆ. ಈಗ ಪ್ರತಿ ತುಂಡಿನ ಹಿಂದೆ ಮೇಲ್ಮುಖ ಬಾಣದ ಗುರುತು, ನಂಬರ್ ಎರಡೂ ಹಾಕುತ್ತೇನೆ.

ಮೊನ್ನೆ ಭಾನುವಾರ ಮೊದಲ ಆಟ. ಮೂಲೆಯ ಮಾತು ನಿಜ ಮೇಡಂ, ಗೋಡೆ ಬುಡಕ್ಕೆ ಓಡಿ ಬಂದ ನನ್ನ ಆರು ಜನರೂ ಪಕ್ಕದ ಮೂಲೆಯ ಗುಂಡಿಗೇ ಹೋದರು. ನೆಲದ ರಟ್ಟು ಇನ್ನೂ ಚಪ್ಪಟೆಯಾಗಿದೆ. ಬಾಗಿಲು ಮಾತ್ರ ಇಟ್ಟಿಲ್ಲ. ಯಾವ ಮೂಲೆಯಲ್ಲಿ ಕೊಯ್ಯಬೇಕು ಅಂತ ನಾಲ್ವರಲ್ಲಿ ಜಗಳ ಮುಗಿದಿಲ್ಲ, ಅಲ್ಲಿವರೆಗೆ ಎಲ್ಲರೂ ಐಸ್‌ಕ್ರೀಮ್ ಕಡ್ಡಿಯ ಏಣಿ ಹಾಕಿಯೇ ಹತ್ತಬೇಕು.