ಬೇ ಆಫ್ ಐಲ್ಯಾಂಡ್ಸ್: ಎರಡು ದಿನವಿದ್ದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಆಕ್ಲೆಂಡಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ನ್ಯೂಜಿಲೆಂಡಿನ ಉತ್ತರ ಭಾಗದ ಈ ಕೊಲ್ಲಿಯಲ್ಲಿಯೇ ಯುರೋಪಿನವರು ಮೊದಲು ನೆಲೆ ನಿಂತರೆಂದು ಓದಿದ್ದೇನೆ. ಎರಡು ದಿನಗಳಲ್ಲಿ ಆ ಚರಿತ್ರೆಯನ್ನೂ ಕಡಲ ಚೆಲುವನ್ನೂ ನೋಡುವುದು ಹೇಗೆ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಬಹುತೇಕರು, 1840ರಲ್ಲಿ ಬ್ರಿಟಿಷರಿಗೂ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳಿಗೂ ಒಪ್ಪಂದವಾದ ವೈಟಾಂಗಿಯಿಂದ ಆರಂಭಿಸುತ್ತಾರೆ. ಮೊದಲ ಸಲ ನಾವೂ ಹಾಗೆಯೇ ಮಾಡಿ, ಕಥೆಯನ್ನು ನಡುವಿನಿಂದ ಕೇಳಿದವರಂತೆ ಗೊಂದಲಕ್ಕೆ ಬಿದ್ದೆವು. ಎರಡನೆಯ ಸಲ ಕೆರಿಕೆರಿ ಪಟ್ಟಣದ ಮೂಲಕ ನೇರವಾಗಿ ಕಡಲಂಚಿನ ಓಇಹಿಗೆ ಹೋದೆವು. ಮಾವೋರಿ ಮುಖಂಡ ರುವಾಟಾರನ ಆಶ್ರಯದಲ್ಲಿ, 1814ರ ಡಿಸೆಂಬರ್ 25ರಂದು ಇಂಗ್ಲಿಷ್ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್ಡನ್ ಪ್ರಾರ್ಥನೆ ನಡೆಸಿದ್ದೂ ಮೂರು ಮಿಷನರಿ ಕುಟುಂಬಗಳು ಬಿಡಾರ ಹೂಡಿದ್ದೂ ಅಲ್ಲಿಯೇ. ಈಗ ಅಲ್ಲಿ ಒಂದು ಮನೆಯೂ ಉಳಿದಿಲ್ಲ. 1907ರಲ್ಲಿ ನಿಲ್ಲಿಸಿದ ಕಲ್ಲಿನ ಶಿಲುಬೆ, ಮನೆಗಳಿದ್ದ ಕಡೆ ಮಣ್ಣು ಸಮ ಮಾಡಿದ ಗುರುತು, ಅದರ ಮೇಲೆಲ್ಲ ಹುಲ್ಲು, ಕೆಳಗೆ ಸಣ್ಣದೊಂದು ಕಡಲ ದಂಡೆ, ಇಷ್ಟೇ. ಆದರೆ ಆ ಕಡಿದಾದ ಇಳಿಜಾರಿನಲ್ಲಿ ನಿಂತು ನೋಡಿದರೆ, ಬಂದವರಿಗೆ ಬೇಸಾಯ ಏಕೆ ಕೈಹತ್ತಲಿಲ್ಲ, ಊಟಕ್ಕೂ ರಕ್ಷಣೆಗೂ ಅವರು ಮಾವೋರಿಗಳನ್ನೇ ಏಕೆ ನೆಚ್ಚಬೇಕಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಹಿಂತಿರುಗುವಾಗಿನ ಏರು ಮಂಡಿನೋವಿನವರಿಗೆ ಹಿತವಲ್ಲ. ಬಿಸಿಲೇರುವ ಮೊದಲೇ ಹೋಗಿ.

ಮಧ್ಯಾಹ್ನ ಕೆರಿಕೆರಿಯ ನದಿಯಂಚಿಗೆ ಬನ್ನಿ. 1822ರಲ್ಲಿ ಪೂರ್ಣಗೊಂಡ ಮರದ ಮನೆ, ಅಂದರೆ ಕೆಂಪ್ ಹೌಸ್, ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ಯುರೋಪಿಯನ್ ಕಟ್ಟಡ. ಪಕ್ಕದಲ್ಲಿರುವುದು 1830ರ ದಶಕದ ಕಲ್ಲಿನ ಉಗ್ರಾಣ. ಎರಡಕ್ಕೂ ಹತ್ತಿರದಲ್ಲಿಯೇ ಮಾವೋರಿ ಮುಖಂಡ ಹೊಂಗಿ ಹಿಕಾನ ಕೊರೊರಿಪೊ ಕೋಟೆಯ ದಿಬ್ಬವಿದೆ. ಮಿಷನರಿಗಳು ಯಾರ ನೆರಳಿನಲ್ಲಿ ಬದುಕಿದರೆಂಬುದಕ್ಕೆ ಬೇರೆ ವಿವರಣೆ ಬೇಡ.

ಉತ್ತರ 2: ಎರಡನೆಯ ದಿನ ಪೈಹಿಯಾದಿಂದ ದೋಣಿಯಲ್ಲಿ ರಸೆಲ್‌ಗೆ ಹೋಗಿ. ತಿಮಿಂಗಿಲ ಬೇಟೆಯ ಹಡಗುಗಳು ತಂಗುತ್ತಿದ್ದ ಹಳೆಯ ಕೊರೊರಾರೆಕಾ ಅದೇ. ಅಲ್ಲಿನ ಮರದ ಚರ್ಚಿನ ಹೊರಗೋಡೆಯಲ್ಲಿ 1845ರಲ್ಲಿ ಮಾವೋರಿಗಳಿಗೂ ಬ್ರಿಟಿಷರಿಗೂ ನಡೆದ ಕಾಳಗದ ಗುಂಡಿನ ತೂತುಗಳು ಇನ್ನೂ ಇವೆ. ಬಣ್ಣ ಬಳಿದ ಹಲಗೆಯಲ್ಲಿ ಅವು ಸುಲಭಕ್ಕೆ ಕಾಣುವುದಿಲ್ಲ. ನನ್ನವರು ಬೆರಳಿಟ್ಟು ತೋರಿಸಿದ ಮೇಲೆಯೇ ನನಗೆ ಕಂಡದ್ದು. ಬಳಿಕ ಧ್ವಜಸ್ತಂಭದ ಗುಡ್ಡ ಹತ್ತಿ. ಮಾವೋರಿ ಮುಖಂಡ ಹೋನೆ ಹೇಕೆ ಮತ್ತು ಅವನ ಕಡೆಯವರು ಬ್ರಿಟಿಷರ ಧ್ವಜಸ್ತಂಭವನ್ನು ನಾಲ್ಕು ಸಲ ಕಡಿದುರುಳಿಸಿದ್ದು ಅಲ್ಲಿಯೇ. ಇಡೀ ಕೊಲ್ಲಿ, ನೀಲಿಯಲ್ಲಿ ಚೆದುರಿದ ದ್ವೀಪಗಳ ಸಮೇತ, ಅಲ್ಲಿಂದ ಕಾಣುತ್ತದೆ. ಹಣ ಕೊಟ್ಟು ಹೋದ ವಿಹಾರದ ದೋಣಿಗಿಂತ ನನಗೆ ಆ ಗುಡ್ಡವೇ ಹೆಚ್ಚು ಹಿಡಿಸಿತು.

ಉತ್ತರ 3: ವೈಟಾಂಗಿಯನ್ನು ಕೊನೆಗಿಟ್ಟುಕೊಳ್ಳಿ. 1840ರ ಫೆಬ್ರವರಿ 6ರಂದು ಒಪ್ಪಂದಕ್ಕೆ ಸಹಿ ಬಿದ್ದ ಹುಲ್ಲುಹಾಸಿನಲ್ಲಿ ನಿಲ್ಲುವ ಮೊದಲು, ವಸ್ತುಸಂಗ್ರಹಾಲಯದಲ್ಲಿ ಆ ಒಪ್ಪಂದವನ್ನು ಎರಡು ಭಾಷೆಗಳಲ್ಲಿ ಬರೆದಿರುವ ರೀತಿಯನ್ನು ಗಮನಿಸಿ. ಇಂಗ್ಲಿಷಿನಲ್ಲಿ ಸಾರ್ವಭೌಮತ್ವವಿರುವ ಕಡೆ ಮಾವೋರಿಯಲ್ಲಿ ‘ಕಾವನಟಾಂಗ’ ಎಂದಿದೆ. ನಮ್ಮಲ್ಲಿ ಗವರ್ನ್‌ಮೆಂಟ್ ಗೌರ್ಮೆಂಟಾದಂತೆ ಅವರಲ್ಲಿ ಗವರ್ನರ್ ‘ಕಾವನ’ನಾದ, ಅವನ ಆಡಳಿತ ‘ಕಾವನಟಾಂಗ’ವಾಯಿತು. ಹೀಗಾಗಿ ಮಾವೋರಿಗಳು ಬಿಟ್ಟುಕೊಟ್ಟೆವೆಂದುಕೊಂಡದ್ದು ಆಡಳಿತವನ್ನು, ಬ್ರಿಟಿಷರು ಪಡೆದೆವೆಂದುಕೊಂಡದ್ದು ಸಾರ್ವಭೌಮತ್ವವನ್ನು. ಮೊದಲು ಸಹಿ ಹಾಕಿದವರಲ್ಲಿ ಹೇಕೆಯೂ ಒಬ್ಬನೆಂಬುದನ್ನು ಅಲ್ಲಿ ಓದಿದಾಗ, ರಸೆಲ್‌ನ ಗುಡ್ಡದ ಆ ಧ್ವಜಸ್ತಂಭ ನಿಮಗೆ ಮತ್ತೆ ನೆನಪಾಗುತ್ತದೆ.