ಹಳೇ ಕಂಪ್ಯೂಟರ್‌ನ ಪೋಕೆಮಾನ್ ಸೇವ್ ಮಿಯೂ ಮಿನಿಗೆ ಹಾಕಿದ್ರೆ ನ್ಯೂ ಗೇಮ್ ಅಂತಾನೇ ಬರ್ತಿದೆ, ಏನ್ ಮಾಡ್ಲಿ?

ಮಂಡಕ್ಕಿ_ಮಿರ್ಚಿ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳ್ಲೇಬೇಕಾಯ್ತು. ಭದ್ರಾವತಿ ಮನೇಲಿ ಅಟ್ಟದ ಮೇಲೆ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ನೋಡಿದ್ರೆ ಒಳಗೆ ವಿಶುವಲ್‌ಬಾಯ್ ಅಡ್ವಾನ್ಸ್ (ವಿಬಿಎ, ಗೇಮ್‌ಬಾಯ್ ಆಟನ ಕಂಪ್ಯೂಟರ್‌ನಲ್ಲಿ ಓಡ್ಸೋ ಎಮ್ಯುಲೇಟರ್) ಫೋಲ್ಡರ್ ಹಂಗಂಗೇ ಇದೆ! ನಮ್ಮಕ್ಕ ಪಿಯುಸಿ ರಜೇಲಿ ಊಟ ತಿಂಡಿ ಬಿಟ್ಟು ಆಡ್ತಿದ್ದ ಪೋಕೆಮಾನ್ ಎಮರಾಲ್ಡ್ ಅದು, ನಾನು ಪಕ್ಕ ಕೂತು ನೋಡೋದಷ್ಟೇ, ಕೀಬೋರ್ಡ್ ಮುಟ್ಟಿದ್ರೆ ಏಟು.

ಈಗ ಅವ್ಳು ಜರ್ಮನೀಲಿದಾಳೆ, ಮುಂದಿನ ತಿಂಗ್ಳು ಮಗನ್ನ ಕರ್ಕೊಂಡು ಬರ್ತಾಳೆ, ಅಷ್ಟ್ರೊಳಗೆ ಆ ಆಟನ ನನ್ನ ಮಿಯೂ ಮಿನಿ ಪ್ಲಸ್ ಅನ್ನೋ ಪುಟ್ಟ ಗೇಮ್ ಮಷಿನ್‌ಗೆ ಹಾಕಿ ಕೈಗೆ ಕೊಡ್ಬೇಕು ಅಂತ ಪ್ಲಾನು. ಅದ್ರಲ್ಲಿ ಆನಿಯನ್ ಅನ್ನೋ ಬೇರೆ ಓಎಸ್ ಹಾಕಿದೀನಿ. ಫೋಲ್ಡರ್‌ನಲ್ಲಿ ಎಮರಾಲ್ಡ್ ಹೆಸ್ರಿಂದ ಒಂದು ಡಾಟ್ ಸಾವ್ (.sav) ಫೈಲು, ಎರಡು ಎಸ್‌ಜಿಎಂ ಫೈಲು ಇವೆ. ಮೂರನ್ನೂ ಆಟದ ಫೈಲ್ ಪಕ್ಕದಲ್ಲೇ ಹಾಕಿದೆ, ಓಪನ್ ಮಾಡಿದ್ರೆ ನ್ಯೂ ಗೇಮ್. ಹೋಗ್ಲಿ ಅಂತ ಒಳಗೆ ಹೋಗಿ ನೋಡಿದೆ, ಆ ಸಾಮಾನು ಸಾಗ್ಸೋ ಟ್ರಕ್ ಒಳಗಿಂದ ಶುರು ಆಯ್ತು, ಎರಡು ನಿಮಿಷ ಆಡಿ ಆಫ್ ಮಾಡಿದೆ. ಫೈಲ್ ಹಾಳಾಗಿದ್ಯಾ ಇಲ್ಲಾ ನಾನೇ ಏನೋ ಎಡವಟ್ ಮಾಡ್ತಿದೀನಾ?

ಬಫರಿಂಗ್_ಬಸಣ್ಣ:

ಸಾವ್ ತೆಗ್ದು ಎಸ್‌ಆರ್‌ಎಂ (.srm) ಅಂತ ರೀನೇಮ್ ಮಾಡು ಗುರು, ಅಷ್ಟೇ.

ಮಂಡಕ್ಕಿ_ಮಿರ್ಚಿ:

ಮಾಡ್ದೆ ಅಣ್ಣ, ಸೇಮ್ ಟ್ರಕ್ಕು.

ಎರಡನೇ_ಪ್ಲೇಯರ್:

ಬಸಣ್ಣ ಹೇಳಿದ್ದು ತಪ್ಪಲ್ಲ, ಅರ್ಧ. ಇಲ್ಲಿ ಮೂರ್ನಾಕು ತೊಡಕು ಒಂದ್ರ ಮೇಲೊಂದು ಕೂತಿವೆ, ಒಂದೊಂದೇ ಬಿಡಿಸ್ಕೊಂಡು ಹೋಗೋಣ.

ಮೊದ್ಲು ಆ ಹಳೇ ಫೋಲ್ಡರ್ ಪೂರ್ತಿ ಇನ್ನೊಂದ್ ಕಡೆ ಕಾಪಿ ಮಾಡಿ ಇಡು. ಇದನ್ನ ಮಾಡದೆ ಮುಂದಿನ ಸಾಲು ಓದ್ಬೇಡ. ಅಸಲಿ ಮೇಲೆ ಕೈ ಇಡೋದೇ ಬೇಡ, ಎಲ್ಲಾ ಪ್ರಯೋಗನೂ ಕಾಪಿ ಮೇಲೆ.

ಈಗ ಸೈಜ್ ನೋಡು. ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಬೈಟ್ ಲೆಕ್ಕ ಇರುತ್ತೆ. ಎಮರಾಲ್ಡ್ ಕಾರ್ಟ್ರಿಜ್‌ನಲ್ಲಿ ಇರೋದು 1 ಮೆಗಾಬಿಟ್ ಫ್ಲಾಶ್, ಅಂದ್ರೆ 128 ಕೆಬಿ, ಸರಿಯಾಗಿ 1,31,072 ಬೈಟ್. ಅಷ್ಟಿದ್ರೆ ಫೈಲು ಗಟ್ಟಿ ಅಂತ ಅರ್ಧ ನಂಬ್ಬೋದು. 1,31,088 ಇದ್ರೆ ಗಾಬರಿ ಆಗ್ಬೇಡ, ಅದು ಎಂಜಿಬಿಎ ಅನ್ನೋ ಎಮ್ಯುಲೇಟರ್ ಗಡಿಯಾರದ ಮಾಹಿತಿನ ಬಾಲಕ್ಕೆ 16 ಬೈಟ್ ಅಂಟಿಸಿರೋದು. 1,39,264 ಇದ್ರೆ ವಿಬಿಎ ನೆಕ್ಸ್ಟ್ ಅನ್ನೋ ಇನ್ನೊಂದು ಎಮ್ಯುಲೇಟರ್‌ದು, ಅದು ಹಿಂದೆ 8 ಕೆಬಿ ಜಾಸ್ತಿ ಇಟ್ಕೊಂಡಿರುತ್ತೆ. ಮೂರ್ರಲ್ಲೂ ಮೊದಲ 1,31,072 ಬೈಟೇ ಆಟದ ಅಸಲಿ ಸರಕು. 64 ಕೆಬಿ ಇದ್ರೆ ಮಾತ್ರ ಚಿಂತೆ, ಆಗ ಎಮ್ಯುಲೇಟರ್‌ನಲ್ಲಿ ಸೇವ್ ಟೈಪ್ ತಪ್ಪಾಗಿತ್ತು ಅಂತ ಅರ್ಥ. ಫೈರ್‌ರೆಡ್ ಆಡಿದೋರಿಗೆ ಗೊತ್ತು, 1ಎಂ ಸಬ್ ಸರ್ಕ್ಯೂಟ್ ಬೋರ್ಡ್ ಹಾಕಿಲ್ಲ ಅಂತ ಇಂಗ್ಲಿಷಲ್ಲಿ ಬೈತಿತ್ತಲ್ಲ, ಅದೇ ಕಾಯಿಲೆ. ಹೆಸರಲ್ಲಿ ಏನೂ ಇಲ್ಲ, ಸಾವ್ ಅನ್ನು ಎಸ್‌ಆರ್‌ಎಂ ಅನ್ನು, ಗೇಮ್‌ಬಾಯ್ ಅಡ್ವಾನ್ಸ್‌ಗೆ ಒಳಗಿರೋದು ಅದೇ ಬೈಟು.

ಆಮೇಲೆ ಜಾಗ. ಮಿಯೂ ಒಳಗೆ ಓಡೋದು ರೆಟ್ರೋಆರ್ಕ್ (ಹಲವು ಎಮ್ಯುಲೇಟರ್‌ಗಳನ್ನ, ಅಂದ್ರೆ ಕೋರ್‌ಗಳನ್ನ, ಒಂದೇ ಕಡೆ ಓಡ್ಸೋ ಪ್ರೋಗ್ರಾಮ್), ಅದು ಸೇವನ್ನ ಆಟದ ಪಕ್ಕ ಹುಡುಕಲ್ಲ. ಕಾರ್ಡ್‌ನಲ್ಲಿ ಸೇವ್ಸ್, ಅದ್ರೊಳಗೆ ಕರೆಂಟ್‌ಪ್ರೊಫೈಲ್, ಅದ್ರೊಳಗೆ ಮತ್ತೆ ಸೇವ್ಸ್, ಅಲ್ಲಿ ಕೋರ್ ಹೆಸರಲ್ಲಿ ಒಂದೊಂದು ಫೋಲ್ಡರ್ ಇರುತ್ತೆ. ನೀನು ಜಿಪಿಎಸ್‌ಪಿ ಕೋರ್‌ನಲ್ಲಿ ಆಡ್ತಿದ್ರೆ ಜಿಪಿಎಸ್‌ಪಿ ಫೋಲ್ಡರ್‌ಗೇ ಹೋಗ್ಬೇಕು, ಎಂಜಿಬಿಎ ಆದ್ರೆ ಅದ್ರದಕ್ಕೆ. ಆಟದ ಫೈಲ್ ಹೆಸರು ಏನಿದ್ಯೋ ಅಕ್ಷರ, ಸ್ಪೇಸು, ಬ್ರ್ಯಾಕೆಟ್ಟು ಸಮೇತ ಅದೇ ಹೆಸರು, ಕೊನೇಲಿ ಎಸ್‌ಆರ್‌ಎಂ.

ಇನ್ನೊಂದು, ವಿಂಡೋಸ್ ಫೈಲ್ ಎಕ್ಸ್‌ಟೆನ್ಶನ್ನ ಮುಚ್ಚಿಟ್ಟಿರುತ್ತೆ. ನೀನು ಎಸ್‌ಆರ್‌ಎಂ ಅಂತ ಹೆಸರಿಟ್ಟೆ ಅಂದ್ಕೊಂಡಿರ್ತೀಯ, ಅಸಲಿಗೆ ಅದು ಡಾಟ್ ಎಸ್‌ಆರ್‌ಎಂ ಡಾಟ್ ಸಾವ್ ಆಗಿ ಕೂತಿರುತ್ತೆ. ವ್ಯೂ ಮೆನುಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ ನೋಡು.

ಕೊನೇದು ಆ ಟ್ರಕ್ಕು. ಎರಡು ನಿಮಿಷ ಆಡಿ ಆಫ್ ಮಾಡಿದ್ಯಲ್ಲ, ಆಗ ಆನಿಯನ್ ತಾನೇ ಒಂದು ಸ್ಟೇಟ್ (ಆಟದ ಆ ಕ್ಷಣದ ಅಚ್ಚು) ಬರ್ಕೊಂಡಿದೆ, ಮುಂದಿನ ಸಲ ಓಪನ್ ಮಾಡಿದ ತಕ್ಷಣ ಅದನ್ನೇ ಎಬ್ಬಿಸುತ್ತೆ. ನೀನು ಎಷ್ಟೇ ಸರಿಯಾದ ಎಸ್‌ಆರ್‌ಎಂ ಇಟ್ರೂ ಸ್ಟೇಟ್ ಬಂದು ಅದ್ರ ಮೇಲೆ ಕೂತ್ಕೊಳುತ್ತೆ, ಇನ್ನೂ ಕೆಟ್ಟದ್ದು ಅಂದ್ರೆ ಆಚೆ ಬರುವಾಗ ಆ ಖಾಲಿ ಸೇವನ್ನೇ ನಿನ್ ಫೈಲ್ ಮೇಲೆ ಬರೆದ್ಬಿಡ್ಬೋದು. ನಾನು ಒಂದ್ಸಲ ಹಿಂಗೇ ಮೆಟ್ರಾಯ್ಡ್ ಸೇವ್ ಕಳ್ಕೊಂಡು ಒಂದು ವಾರ ಆ ಮಷಿನ್ ಮುಟ್ಟಿರ್ಲಿಲ್ಲ. ಸ್ಟೇಟ್ಸ್ ಫೋಲ್ಡರ್‌ಗೆ ಹೋಗಿ ಈ ಆಟದ ಹೆಸರಿರೋ ಸ್ಟೇಟ್ ಆಟೋ ಫೈಲ್ ಡಿಲೀಟ್ ಮಾಡಿ, ಆಮೇಲೆ ಎಸ್‌ಆರ್‌ಎಂ ಹೊಸ್ದಾಗಿ ಇನ್ನೊಂದ್ಸಲ ಕಾಪಿ ಮಾಡು.

ಬಫರಿಂಗ್_ಬಸಣ್ಣ:

ನಾನು ಒಂದು ಸಾಲಲ್ಲಿ ಮುಗ್ಸಿದ್ದೆ, ಇವ್ರು ಪಿಎಚ್‌ಡಿ ಬರೆದ್ರು 😄 ಆದ್ರೆ ಸ್ಟೇಟ್ ಆಟೋ ವಿಷಯ ನಂಗೂ ಗೊತ್ತಿರ್ಲಿಲ್ಲ.

ಮಂಡಕ್ಕಿ_ಮಿರ್ಚಿ:

ಅಣ್ಣಾ ಬಂತು!! ಎಕ್ಸ್‌ಟೆನ್ಶನ್ ನೀವು ಹೇಳ್ದಂಗೇ ಡಬಲ್ ಆಗಿತ್ತು, ನಾಚಿಕೆ ಆಯ್ತು. ಕಂಟಿನ್ಯೂ ಅಂತ ಬಂತು, ಅಕ್ಕನ ಹೆಸರೂ ಇದೆ. ಆದ್ರೆ ಐದೇ ಬ್ಯಾಡ್ಜು, 41 ಗಂಟೆ. ಅವ್ಳಿಗೆ ಮೆಸೇಜ್ ಮಾಡಿ ಕೇಳ್ದೆ, ಎಲೀಟ್ ಫೋರ್ ಅಂದ್ರೆ ಆಟದ ಕೊನೇ ಘಟ್ಟ ಮುಗ್ಸಿ ರೇಕ್ವೇಜಾ ಅನ್ನೋ ಪೋಕೆಮಾನ್ ಹಿಡ್ದಿದ್ದೆ ಅಂತಾಳೆ. ಮರ್ತಿರ್ಬೋದಾ?

ಎರಡನೇ_ಪ್ಲೇಯರ್:

ಅಕ್ಕ ಮರೆತಿಲ್ಲ. ಎಸ್‌ಜಿಎಂ ಫೈಲಿನ ತಾರೀಖು ನೋಡು, ಸಾವ್ ಫೈಲಿಗಿಂತ ಈಚೇದಾಗಿರುತ್ತೆ.

ಎಸ್‌ಜಿಎಂ ಅಂದ್ರೆ ವಿಬಿಎದ ಸೇವ್ ಸ್ಟೇಟು, ಶಿಫ್ಟ್ ಎಫ್1 ಒತ್ತಿದ್ರೆ ಆಗ್ತಿತ್ತಲ್ಲ ಅದು. ಆಟದೊಳಗಿನ ಸೇವ್ ಅಂದ್ರೆ ಆಟ ತಾನೇ ಬರ್ಕೊಳೋ ಪುಸ್ತಕ, ಯಾವ ಎಮ್ಯುಲೇಟರ್ ಆದ್ರೂ ಓದುತ್ತೆ. ಸ್ಟೇಟ್ ಅಂದ್ರೆ ಆ ಕ್ಷಣದಲ್ಲಿ ಎಮ್ಯುಲೇಟರ್ ತಲೇಲಿ ಏನಿತ್ತೋ ಅದ್ರ ಅಚ್ಚು, ಅದನ್ನ ಬೇರೆ ಎಮ್ಯುಲೇಟರ್‌ಗೆ ಕೊಟ್ರೆ ತಲೆ ಬುಡ ಅರ್ಥ ಆಗಲ್ಲ. ಅದನ್ನ ಕನ್ವರ್ಟ್ ಮಾಡೋಕೆ ಟೂಲ್ ಹುಡುಕ್ತಾ ಕೂರ್ಬೇಡ. ಅಕ್ಕ ಆಗಿನ ಕಾಲದ ಎಲ್ರ ಹಾಗೆ ಶಿಫ್ಟ್ ಎಫ್1ನೇ ನಂಬ್ಕೊಂಡು ಆಟದೊಳಗೆ ಸೇವ್ ಮಾಡೋದು ಬಿಟ್ಟಿರ್ತಾಳೆ.

ದಾರಿ ಸುಲಭ. ಆ ಫೋಲ್ಡರ್‌ನಲ್ಲಿ ಹಳೇ ವಿಬಿಎ ಪ್ರೋಗ್ರಾಮ್ ಕೂಡ ಇದ್ಯಲ್ಲ, ಕಾಪಿ ಮಾಡಿದ ಫೋಲ್ಡರ್‌ನಿಂದ ಅದನ್ನೇ ಓಡ್ಸು, ಹೊಸ ವರ್ಷನ್ ಬೇಡ. ಅದೇ ಹಳೇ ಆಟದ ಫೈಲ್ ತೆಗೆದು ಎಫ್1 ಒತ್ತಿ ಸ್ಟೇಟ್ ಎಬ್ಬಿಸು. ಆಟ ಎದ್ದ ಮೇಲೆ ಸ್ಟಾರ್ಟ್ ಒತ್ತಿ ಆಟದೊಳಗೇ ಸೇವ್ ಕೊಡು, ಮುಗಿಯೋವರೆಗೂ ಕಾಯಿ. ಆಪ್ಶನ್ಸ್‌ನಲ್ಲಿ ಸೇವ್ ಟೈಪ್ ಫ್ಲಾಶ್ 128ಕೆ ಇದ್ಯಾ ಅಂತ ಮೊದ್ಲೇ ನೋಡ್ಕೊ. ಆಮೇಲೆ ಫೈಲ್ ಮೆನುಲಿ ಎಕ್ಸ್‌ಪೋರ್ಟ್, ಬ್ಯಾಟರಿ ಫೈಲ್. ಬರೋ ಸಾವ್ ಫೈಲ್ನ ಪಿಕೆಹೆಕ್ಸ್ ಅನ್ನೋ ಸೇವ್ ಎಡಿಟರ್‌ನಲ್ಲಿ ತೆರೆದು ನೋಡಿದ್ರೆ ಟೀಮಲ್ಲಿ ಯಾರ್ಯಾರಿದಾರೆ ಅಂತ ಕಾಣುತ್ತೆ. ಅಲ್ಲಿ ತೆರೆದ್ರೆ ಮಿಯೂನಲ್ಲೂ ತೆರೆಯುತ್ತೆ.

ಧೈರ್ಯಕ್ಕೆ ಒಂದು ಮಾತು, ಎಮರಾಲ್ಡ್ ಸೇವ್ ಫೈಲ್‌ನೊಳಗೆ ಎರಡು ಜಾಗ ಇರುತ್ತೆ, ಒಂದ್ಸಲ ಇದ್ರಲ್ಲಿ ಬರೆದ್ರೆ ಮುಂದಿನ ಸಲ ಅದ್ರಲ್ಲಿ ಬರೆಯುತ್ತೆ. ಒಂದು ಕೆಟ್ರೆ ಹಿಂದಿನ ಸೇವ್ ಲೋಡ್ ಮಾಡ್ತೀನಿ ಅಂತ ಆಟನೇ ಹೇಳುತ್ತೆ.

ಹುಬ್ಬಳ್ಳಿ_ಹ್ಯಾಂಡ್‌ಹೆಲ್ಡ್:

ನಡಕ ಬಾಯಿ ಹಾಕಾಕತ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಂದು ನಿಂಟೆಂಡೊ ಡಿಎಸ್ ಆಟ ಐತ್ರಿ. ಫೋನಿನ ಡ್ರಾಸ್ಟಿಕ್ ಎಮ್ಯುಲೇಟರ್‌ನ್ಯಾಗ ಪೋಕೆಮಾನ್ ಹಾರ್ಟ್‌ಗೋಲ್ಡ್ ಆಡಿದ್ದೆ, ಬ್ಯಾಕಪ್ ಫೋಲ್ಡರ್‌ನ್ಯಾಗ ಡಿಎಸ್‌ವಿ ಫೈಲ್ ಐತಿ. ಲ್ಯಾಪ್‌ಟಾಪ್‌ನ್ಯಾಗ ಮೆಲಾನ್‌ಡಿಎಸ್ ಎಮ್ಯುಲೇಟರ್‌ಗೆ ಒಯ್ಯಬೇಕು. ಅದನ್ನೂ ಹೆಸರು ಬದಲಿ ಮಾಡಿದ್ರ ಸಾಕೇನ್ರಿ?

ಎರಡನೇ_ಪ್ಲೇಯರ್:

ಇಲ್ಲಿ ಬರೀ ಹೆಸರು ಬದಲಾಯಿಸಿ ಕೈ ಬಿಡಬೇಡಿ ಸರ್. ನಿಮ್ ಫೈಲು 5,24,410 ಬೈಟ್ ಇರುತ್ತೆ ನೋಡಿ. ಆಟದ್ದು 512 ಕೆಬಿ, ಅಂದ್ರೆ 5,24,288. ಉಳಿದ 122 ಬೈಟು ಡೆಸ್ಮ್ಯೂಮ್ ಅನ್ನೋ ಡಿಎಸ್ ಎಮ್ಯುಲೇಟರ್ ಶೈಲಿಯ ಬಾಲ. ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೊನೆಗೆ ಹೋದ್ರೆ ಅಲ್ಲೇ ಇಂಗ್ಲಿಷಲ್ಲಿ ಬರ್ದಿರುತ್ತೆ, ಇದ್ರ ಮೇಲಕ್ಕೆ ಕತ್ತರಿಸಿದ್ರೆ ಕಚ್ಚಾ ಸೇವ್ ಸಿಗುತ್ತೆ ಅಂತ. ಇಷ್ಟು ಮರ್ಯಾದಸ್ಥ ಫೈಲ್ ಫಾರ್ಮ್ಯಾಟ್ ನಾನು ಇನ್ನೊಂದು ನೋಡಿಲ್ಲ. ಕತ್ತರಿಸೋಕೆ ಭಯ ಇದ್ರೆ ಡೆಸ್ಮ್ಯೂಮ್‌ನಲ್ಲಿ ಆಟ ತೆರೆದು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬ್ಯಾಕಪ್ ಮೆಮೊರಿ ಒತ್ತಿ, ಅದೇ ಕತ್ತರಿಸಿ ಕೊಡುತ್ತೆ. ಐಫೋನ್‌ನ ಡೆಲ್ಟಾ ಎಮ್ಯುಲೇಟರ್‌ಗೆ ಒಯ್ಯೋದಾದ್ರೂ ಇದೇ ಸಾವ್ ಫೈಲು ನಡೆಯುತ್ತೆ.

ಕೆರೆದಂಡೆ:

ಎಲ್ರೂ ಕನ್ವರ್ಟ್ ಬಗ್ಗೆನೇ ಮಾತಾಡ್ತಿದೀರ, ಬ್ಯಾಕಪ್ ಬಗ್ಗೆ ನಾನು ಹೇಳ್ತೀನಿ ಯಾಕಂದ್ರೆ ಏಟು ತಿಂದಿರೋದು ನಾನು. ಹ್ಯಾಂಡ್‌ಹೆಲ್ಡ್ ಜೊತೆ ಡಬ್ಬದಲ್ಲಿ ಬಂದ ಹೆಸರಿಲ್ಲದ ಎಸ್‌ಡಿ ಕಾರ್ಡ್ ಮೇಲೆ ನಂಬಿಕೆ ಇಟ್ಟು ನಾಕು ತಿಂಗ್ಳು ಆಡಿದೆ, ಒಂದಿನ ಬೆಳಗ್ಗೆ ಕಾರ್ಡೇ ಇಲ್ಲ ಅಂತು. ತಗೊಂಡ ದಿನವೇ ಒಳ್ಳೇ ಕಾರ್ಡ್ ಹಾಕ್ಕೊಳಿ.

ಅದಾದ್ಮೇಲೆ ಬುದ್ಧಿ ಬಂದು ಸಿಂಕ್‌ಥಿಂಗ್ ಹಾಕಿದೆ, ಫೋನು, ಲ್ಯಾಪ್‌ಟಾಪು, ಹ್ಯಾಂಡ್‌ಹೆಲ್ಡು ಎಲ್ಲಾ ಒಂದಕ್ಕೊಂದು ಸಿಂಕು, ಖುಷಿಯೋ ಖುಷಿ. ಫೋನಲ್ಲಿ ಯಾವ್ದೋ ಆಟ ತಪ್ಪಾಗಿ ಹೊಸ್ದಾಗಿ ಶುರು ಮಾಡಿ ಸೇವ್ ಕೊಟ್ಟೆ ನೋಡಿ, ಐದು ನಿಮಿಷದಲ್ಲಿ ಮೂರೂ ಕಡೆ ನಿಷ್ಠೆಯಿಂದ ಆ ಖಾಲಿ ಸೇವೇ ಹೋಗಿ ಕೂತಿತ್ತು. ಸಿಂಕ್ ಬೇರೆ ಬ್ಯಾಕಪ್ ಬೇರೆ. ಅದ್ರ ಸೆಟಿಂಗ್ಸ್‌ನಲ್ಲಿ ಫೈಲ್ ವರ್ಷನಿಂಗ್ ಅಂತ ಇದೆ, ಆನ್ ಮಾಡಿದ್ರೆ ಹಳೇವೂ ಉಳಿಯುತ್ವೆ, ನಾನು ಮಾಡಿರ್ಲಿಲ್ಲ. ಈಗ ಭಾನುವಾರ ಭಾನುವಾರ ಸೇವ್ಸ್ ಫೋಲ್ಡರ್ನ ಜಿಪ್ ಮಾಡಿ ತಾರೀಖು ಹೆಸರಿಟ್ಟು ಡ್ರೈವ್‌ಗೆ ಹಾಕ್ತೀನಿ. 128 ಕೆಬಿ ಕಣ್ರಪ್ಪಾ, ವಾಟ್ಸಾಪ್‌ನಲ್ಲಿ ದೊಡ್ಡಮ್ಮ ಕಳ್ಸೋ ಗುಡ್ ಮಾರ್ನಿಂಗ್ ಗುಲಾಬಿ ಹೂವು ಇದಕ್ಕಿಂತ ದಪ್ಪ ಇರುತ್ತೆ!

ಫೋನಲ್ಲಿ ರೆಟ್ರೋಆರ್ಕ್ ಆಡೋರು ಇನ್ನೊಂದು ನೋಡ್ಕೊಳಿ. ಅದು ಸೇವನ್ನ ಡಿಸ್ಕ್‌ಗೆ ಬರೆಯೋದು ಆಟ ಕ್ಲೋಸ್ ಮಾಡುವಾಗ. ಆಟದೊಳಗೆ ಸೇವ್ ಕೊಟ್ಟು ರೀಸೆಂಟ್ಸ್‌ನಿಂದ ಸ್ವೈಪ್ ಮಾಡಿ ಬಿಸಾಕಿದ್ರೆ ಸೇವೂ ಅದ್ರ ಜೊತೆ ಹೋಗ್ಬೋದು. ಸೆಟಿಂಗ್ಸಲ್ಲಿ ಸೇವ್‌ರಾಮ್ ಆಟೋಸೇವ್ ಇಂಟರ್ವಲ್ ಇದೆ, ಹತ್ತು ಸೆಕೆಂಡು ಇಡಿ.

ಪಿಎಸ್‌ಪಿ ಕಥೆನೂ ಇದೇ. ಅದ್ರ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿ ಮೊದಲ ಸಲ ಫೋಲ್ಡರ್ ಎಲ್ಲಿ ಅಂತ ಕೇಳುತ್ತೆ, ಆಪ್ ಒಳಗಿನ ಜಾಗ ಕೊಟ್ರೆ ಅನ್‌ಇನ್‌ಸ್ಟಾಲ್ ಮಾಡಿದ ದಿನ ಎಲ್ಲಾ ಗೋವಿಂದ. ಹೊರಗಡೆ ಫೋಲ್ಡರ್ ಕೊಡಿ, ಪಿಎಸ್‌ಪಿ ಒಳಗಿನ ಸೇವ್‌ಡೇಟಾ ಕಾಪಿ ಮಾಡ್ಕೊಳಿ. ಅಮೆರಿಕಾ ಆಟದ ಸೇವು ಯುರೋಪ್ ಆಟಕ್ಕೆ ಕೂರಲ್ಲ, ವೈಸ್ ಸಿಟಿ ಸ್ಟೋರೀಸ್ ಒಂದು ಯುಎಲ್‌ಯುಎಸ್ 10160, ಇನ್ನೊಂದು ಯುಎಲ್‌ಇಎಸ್ 00502, ಫೋಲ್ಡರ್ ಹೆಸರಲ್ಲೇ ಗೊತ್ತಾಗುತ್ತೆ.

ಹುಬ್ಬಳ್ಳಿ_ಹ್ಯಾಂಡ್‌ಹೆಲ್ಡ್:

ಡೆಸ್ಮ್ಯೂಮ್‌ನಿಂದ ಎಕ್ಸ್‌ಪೋರ್ಟ್ ಮಾಡಿದ್ನಿರಿ, 5,24,288 ಕರೆಕ್ಟ್ ಬಂತು, ಮೆಲಾನ್‌ನ್ಯಾಗ ಎದ್ದು ಕುಂತೈತಿ. ಭಾಳ ಉಪಕಾರ ಆತ್ರಿ. ಫೈಲಿನ ಹೆಸರ ಸಾವ್ ಅಂತ, ಖರೇ ಸಾಯ್ಲಿಲ್ಲಲ್ಲ ಅದ ದೊಡ್ದು.

ಮಂಡಕ್ಕಿ_ಮಿರ್ಚಿ:

ಸಿಕ್ತು ಸಿಕ್ತು. ಹಳೇ ವಿಬಿಎ ಕ್ಲಿಕ್ ಮಾಡಿದ ತಕ್ಷಣ ಎದ್ದಿತು, ಎಫ್1 ಒತ್ತಿದೆ, ಅಕ್ಕ ಒಂದು ಪೋಕೆಮಾನ್ ಸೆಂಟರ್ ಕೌಂಟರ್ ಮುಂದೆ ನಿಂತಿದ್ಳು, ಅಷ್ಟು ವರ್ಷದಿಂದ ಅಲ್ಲೇ ನಿಂತಿದಾಳೆ ಪಾಪ. ಎಂಟು ಬ್ಯಾಡ್ಜು, 187 ಗಂಟೆ. ಸೇವ್ ಕೊಟ್ಟು ಎಕ್ಸ್‌ಪೋರ್ಟ್ ಮಾಡಿ ಮಿಯೂಗೆ ಹಾಕಿದೆ, ಈ ಸಲ ಸ್ಟೇಟ್ ಆಟೋ ಮೊದ್ಲೇ ಅಳಿಸಿದ್ದೆ. ರೇಕ್ವೇಜಾ ಇದೆ. ಡ್ರೈವ್‌ಗೂ ಹಾಕಿದೆ, ಅಕ್ಕನ ಮೇಲ್‌ಗೂ ಕಳ್ಸಿದೆ.

ಒಂದೇ ಡೌಟು, ಹಳೇ ವಿಬಿಎದಲ್ಲಿ ತೆರೆದಾಗ ಇಂಟರ್ನಲ್ ಬ್ಯಾಟರಿ ಹ್ಯಾಸ್ ರನ್ ಡ್ರೈ ಅಂತ ಬಂತು, ಅದೇನಾದ್ರೂ ತೊಂದ್ರೆನಾ?

ಎರಡನೇ_ಪ್ಲೇಯರ್:

ಏನೂ ಇಲ್ಲ. ಎಮರಾಲ್ಡ್‌ನಲ್ಲಿ ಬ್ಯಾಟರಿ ಇರೋದು ಗಡಿಯಾರಕ್ಕೆ ಮಾತ್ರ, ಸೇವ್ ಫ್ಲಾಶ್‌ನಲ್ಲಿ ಕೂರುತ್ತೆ. ವಿಬಿಎದ ಆಪ್ಶನ್ಸ್, ಎಮ್ಯುಲೇಟರ್‌ನಲ್ಲಿ ರಿಯಲ್ ಟೈಮ್ ಕ್ಲಾಕ್ ಆಫ್ ಇದ್ರೆ ಹಂಗೆ ಬರುತ್ತೆ, ಹಣ್ಣಿನ ಗಿಡ ಬೆಳೆಯಲ್ಲ ಅಷ್ಟೇ. ಪೋಕೆಮಾನ್ ಗೋಲ್ಡ್, ಸಿಲ್ವರ್ ಅಸಲಿ ಕಾರ್ಟ್ರಿಜ್ ಇಟ್ಕೊಂಡಿರೋರು ಮಾತ್ರ ಹುಷಾರಾಗಿರ್ಬೇಕು, ಅವುಗಳಲ್ಲಿ ಬ್ಯಾಟರಿ ಸತ್ರೆ ಸೇವೇ ಹೋಗುತ್ತೆ.

ಅಕ್ಕ ಏನಂದ್ರು?

ಮಂಡಕ್ಕಿ_ಮಿರ್ಚಿ:

ಸ್ಕ್ರೀನ್ ಫೋಟೋ ಕಳ್ಸಿದೆ. ನನ್ನ ಸೇವ್ ನೀನ್ಯಾಕೋ ಮುಟ್ದೆ ಅಂದ್ಳು.