ಅಪ್‌ಡೇಟ್: ಮಳೆಗಾಲದಲ್ಲೂ ಕಿಟಕಿ ತೆಗೆಯೋ ವಿಷಯ

ನಮ್ಮೆಜಮಾನ್ರು ಜರ್ಮನಿಯ ಸ್ಟುಟ್‌ಗಾರ್ಟ್‌ನವರು. ಇಲ್ಲಿ ಚಿಕ್ಕಮಗಳೂರಿನ ಕೊಪ್ಪದಲ್ಲಿ ಆಷಾಢದ ಮಳೆ ಸುರೀತಿದ್ರೂ ದಿನಾ ಬೆಳಿಗ್ಗೆ ಎಲ್ಲಾ ಕಿಟಕಿ ತೆಗೀತಾರೆ, ಬೀರುವಿನ ಬಟ್ಟೆಗೆಲ್ಲ ಬೂಷ್ಟು ಬರ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ.

ತೇವಾಂಶ ಅಳೆಯೋ ಮೀಟರ್ ತರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನಮ್ಮೆಜಮಾನ್ರ ಊರಿನ ಚಳಿಗಾಲದ ಗಾಳಿ ತಣ್ಣಗಿದ್ರೂ ಅದರಲ್ಲಿ ನೀರಿನಂಶ ಕಡಿಮೆ. ಒಳಗೆ ಬಂದು ಬೆಚ್ಚಗಾದರೆ ಆ ಗಾಳಿ ಮನೆಯೊಳಗಿನ ತೇವ ಹೀರಿಕೊಳ್ಳುತ್ತೆ. ಅಲ್ಲಿ ಆ ಅಭ್ಯಾಸ ಸರಿಯೇ. ನಮ್ಮ ಜಗಲಿ ಮೇಲಿಟ್ಟರೆ ಮೀಟರ್ ಶೇಕಡಾ 90ರ ಮೇಲೆ ತೋರಿಸ್ತು. ನೋಡಿ ಅವರೇ ಎದ್ದು ಕಿಟಕಿ ಹಾಕಿದ್ರು. ಈಗ ಮಳೆ ಬಿಟ್ಟು ಹೊಳವಾದಾಗ ಮಾತ್ರ ತೆಗೆಯೋದು, ಬಟ್ಟೆ ಬಚ್ಚಲೊಲೆ ಮೇಲಿನ ಗಳಕ್ಕೆ.

ಅಮ್ಮನ ವಿಷಯ ಮಾತ್ರ ಬಗೆಹರಿದಿಲ್ಲ. ಸ್ಟುಟ್‌ಗಾರ್ಟ್ ಕಡೆ ಅಪಾರ್ಟ್‌ಮೆಂಟ್ ಮೆಟ್ಟಿಲು, ಮನೆ ಮುಂದಿನ ದಾರಿ ಗುಡಿಸೋಕೆ ವಾರವಾರ ಒಂದೊಂದು ಮನೆಯ ಪಾಳಿ ಇರುತ್ತೆ. ಹಾಗಾಗಿ ಇವರು ಶನಿವಾರ ಅಂಗಳಕ್ಕಿಳೀತಾರೆ. "ಅಳಿಯಂದ್ರು ಗುಡಿಸಿದ್ರೆ ಊರೋರು ಏನಂದಾರು" ಅಂತ ಅಮ್ಮ ಬಂದಾಗೆಲ್ಲ ಪೊರಕೆ ಕಿತ್ಕೊಳ್ತಾರೆ. ಇದರಲ್ಲಿ ನಾನು ಪೂರ್ತಿ ಇವರ ಕಡೆ, ಅಮ್ಮನಿಗೂ ನೇರವಾಗಿ ಹೇಳಿದೀನಿ. ಗೌರಿ ಹಬ್ಬಕ್ಕೆ ಬರ್ತಾರೆ, ಆಗ ಮತ್ತೆ ಕೂತು ಮಾತಾಡ್ತೀವಿ.